ಮೊದಲು ಸಹಿ, ಆಮೇಲೆ ಠರಾವು

ಕಲಬುರಗಿಯ ಸಹಕಾರ ಕಚೇರಿಯಲ್ಲಿ ನೀಲಕಂಠ ಎಂಬ ಅಧಿಕಾರಿ ಠರಾವು ಪುಸ್ತಕವನ್ನು ಮುಂದಕ್ಕೆ ಸರಿಸಿದಾಗ ಮಲ್ಲಿಕಾಳ ಕಣ್ಣಿಗೆ ಮೊದಲು ಬಿದ್ದದ್ದು ತನ್ನದೇ ಸಹಿ. ಅದರ ಕೆಳಗೆ, ಮುಂದಿನ ಹಾಳೆಗಳ ತುಂಬ, ಕಮಲಾಪುರದ ಇಂಟರ್ನೆಟ್ ಸಂಘದ ಸದಸ್ಯರ ಸಹಿ, ಹೆಬ್ಬೆಟ್ಟು. ಒಂದೂ ಖೊಟ್ಟಿಯಲ್ಲ. ಎಲ್ಲವನ್ನೂ ಮನೆಮನೆ ತಿರುಗಿ ತಂದವಳು ಅವಳೇ.

ಸಹಿಗಳ ಮೇಲೆ ಸಂಘದ ಅಧ್ಯಕ್ಷ ವಿವೇಕಾನಂದ ತನ್ನ ದುಂಡು ಅಕ್ಷರದಲ್ಲಿ ಬರೆದಿದ್ದ: ಸಂಘದ ಕಂಬ, ಕೇಬಲ್, ಟವರ್ ಎಲ್ಲವನ್ನೂ ಖಾಸಗಿ ಕಂಪನಿಗೆ ಮಾರಲು ಸಭೆ ಸರ್ವಾನುಮತದಿಂದ ಒಪ್ಪಿದೆ.

ಎಲ್ಲಿಯ ಸಭೆ, ಎಲ್ಲಿಯ ಸರ್ವಾನುಮತ! ಯಾರೋ ಪ್ಯಾಂಟು ಶರ್ಟಿನವರು ಬಂದು ಕಂಬಗಳನ್ನು ಎಣಿಸುತ್ತಿದ್ದುದನ್ನು ಕಂಡು ಅನುಮಾನ ಬಂದು ಅವಳು ಬಸ್ಸು ಹತ್ತಿದ್ದಳು. ಇಲ್ಲಿ ನೋಡಿದರೆ ಊರಿಗೆ ಊರೇ ಒಪ್ಪಿಬಿಟ್ಟಿದೆ.

ಊರಾಚೆಯ ತಾಂಡಾಗಳಿಗೆ, ಹೊಲದ ಮನೆಗಳಿಗೆ ಲೈನ್ ಎಳೆಯಲು ದೊಡ್ಡ ಕಂಪನಿಗಳು ಮೂಗು ಮುರಿದಾಗ ಜನ ತಾವೇ ಕೂಡಿ ಕಟ್ಟಿದ ಸಂಘ ಅದು. ಹೊಲವಿದ್ದವರು ಕಂಬಕ್ಕೆ ಜಾಗ ಬಿಟ್ಟರು, ಇಲ್ಲದವರು ಗುಂಡಿ ತೋಡಿದರು. ಮಲ್ಲಿಕಾ ಲೈನ್ ಕೆಲಸ ಕಲಿತು ಏಣಿ ಹತ್ತಿದಳು. ಕಂಪ್ಲೇಂಟ್ ನಂಬರು ಎಂಬ ಸೋಗು ಇರಲಿಲ್ಲ. ಅವಳ ಬಾಗಿಲಲ್ಲಿ ನಿಂತು ಕೂಗಿದರೆ ಸಾಕಿತ್ತು. ಊರಾಚೆಯ ಕೊನೆಯ ಮನೆಯ ಇಮಾಮಬಿ ತನ್ನ ಸಕ್ಕರೆ ಕಾಯಿಲೆಗೆ ಕಲಬುರಗಿಯ ಸೇಡಂ ರಸ್ತೆಯ ಡಾಕ್ಟರನ್ನು ಮನೆಯಲ್ಲಿ ಕುಳಿತೇ ಫೋನಿನಲ್ಲಿ ಕಾಣುತ್ತಿದ್ದುದು ಆ ಲೈನಿನಿಂದಲೇ.

ಆದರೆ ಸಭೆಗೆ ಬನ್ನಿ ಎಂದರೆ ಒಬ್ಬರಿಗೂ ಪುರಸೊತ್ತಿಲ್ಲ. ತೊಗರಿ ರಾಶಿ, ಮದುವೆ, ಉರುಸು, ಏನಾದರೊಂದು. ಜನ ಸೇರದೆ ಸಂಘ ಮುಚ್ಚಿಹೋದೀತೆಂದು ಮಲ್ಲಿಕಾಳೇ ಉಪಾಯ ಹುಡುಕಿದಳು: ಖಾಲಿ ಹಾಳೆಗೆ ಮೊದಲು ಸಹಿ, ಮೇಲೆ ಬಿಟ್ಟ ಜಾಗದಲ್ಲಿ ಆಮೇಲೆ ಅಧ್ಯಕ್ಷ ಬರೆಯುವ ಠರಾವು. ಏಳು ವರ್ಷ ಹಾಗೇ ನಡೆಯಿತು. ಏನು ಬರೆಯುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ. ಅದನ್ನು ಜನ ತನ್ನ ಮೇಲಿಟ್ಟ ನಂಬಿಕೆ ಎಂದುಕೊಂಡು ಅವಳು ಬೀಗಿದಳು. ಸೋಮಾರಿತನ ಎನ್ನಬೇಕಿತ್ತು, ಅವರದೂ, ತನ್ನದೂ.

"ಇದು ಮೋಸ ಅದರೀ ಸರ್. ಸಹಿ ಮಾಡುವಾಗ ಈ ಹಾಳಿ ಖಾಲಿ ಇತ್ತು."

"ಖಾಲಿ ಹಾಳಿಗಿ ಸಹಿ ಯಾರು ತಗೊಂಡಾರ?"

"ನಾನೇ ರೀ."

ನೀಲಕಂಠ ಕೆಟ್ಟವನಲ್ಲ. ಪೆನ್ನು ಕೆಳಗಿಟ್ಟು ಮೆಲ್ಲಗೆ ಹೇಳಿದ: "ಅಷ್ಟೇ ಬರದು ಕೊಡ್ರಿ ಅಕ್ಕಾರ, ಮಾರಾಟ ಇಲ್ಲೇ ತಡೀತೀನಿ. ಖರೆ, ಮೊದಲ ವಿಚಾರಣಿ ನಿಮ್ಮ ಮ್ಯಾಲೇ ಆಗ್ತದ. ಐದರೊಳಗ ಕೊಡ್ರಿ, ನಾಳಿ ಫೈಲ್ ಮ್ಯಾಲ ಹೋಗ್ತದ."

ಅವನು ಕೊಟ್ಟ ಬಿಳಿ ಹಾಳೆ ಹಿಡಿದು ಅವಳು ಹೊರಗಿನ ಬೆಂಚಿನ ಮೇಲೆ ಕುಳಿತಳು. ಎರಡು ಸಾಲು ಬರೆದರೆ ಸಂಘ ಉಳಿಯುತ್ತಿತ್ತು. ಆದರೆ ಊರವರ ಬಾಯಲ್ಲಿ ತನ್ನ ಹೆಸರು ಏನಾದೀತೆಂದು ನೆನೆದರೆ ಕೈಯೇ ಓಡದು. ಕಂಪನಿಯವರು ಇನ್ನೂ ಚೆನ್ನಾಗಿ ನಡೆಸಬಹುದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಐದು ಹೊಡೆಯಿತು. ಹಾಳೆಯನ್ನು ಮಡಚಿ ಕಸದ ಬುಟ್ಟಿಗೆ ಹಾಕಿ ಕಮಲಾಪುರದ ಬಸ್ಸು ಹತ್ತಿದಳು. ಅಂಜುಬುರುಕಿ, ಬೇರೆ ಮಾತಿಲ್ಲ.

ಮೂರು ತಿಂಗಳಿಗೆ ಕಂಪನಿ ಬಜಾರದ ಲೈನ್ ಉಳಿಸಿಕೊಂಡು, ಗಿಟ್ಟುವುದಿಲ್ಲವೆಂದು ತಾಂಡಾ, ಹೊಲದ ಕೇಬಲ್ಲನ್ನೆಲ್ಲ ಸುತ್ತಿ ಒಯ್ದಿತು. ವಾರ ಕಳೆದು ಇಮಾಮಬಿ ಕೋಲೂರಿಕೊಂಡು ಅವಳ ಬಾಗಿಲಿಗೆ ಬಂದಳು.

"ಏ ಮಲ್ಲಿಕಾ, ಡಾಕ್ಟರ ಮಾರಿ ನೋಡಿ ವಾರ ಆಯ್ತು. ಮನ್ಯಾಗ ಕುಂತು ಏನ್ ಮಾಡಾಕತ್ತಿ? ನಾಚಿಕಿ ಬರಂಗಿಲ್ಲೇನು?"

"ಲೈನ್ ಈಗ ನಮ್ದಲ್ಲ ಖಾಲಾ. ಕಂಪನಿಗಿ ಮಾರ್ಯಾರ."

"ನನ್ನ ಕೇಳ್ದೇ ಹ್ಯಾಂಗ ಮಾರ್ಯಾರ? ನಾ ಯಾವಾಗ ಹೂಂ ಅಂದೀನಿ?"

ನಿಜ ಹೇಳಲು ಮಲ್ಲಿಕಾ ಬಾಯಿ ತೆರೆದಳು. ಬಂದದ್ದು ಬೇರೆಯೇ ಮಾತು.

"ನೀವೂ ಒಪ್ಪೀರಿ ಖಾಲಾ. ಪುಸ್ತಕದಾಗ ನಿಮ್ಮ ಹೆಬ್ಬಟ್ಟು ಅದ."

ಮುದುಕಿ ತಡವರಿಸಿದಳು. ನೆನಪು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ.

"ಹೌದೇನು? ನೀ ಅಂದಿ ಅಂದ್ರ ಖರೇನೇ ಇರ್ತದ. ನನಗೇ ನೆನಪಿಲ್ಲ. ತಪ್ಪು ನಂದೇ ಆಯ್ತು ಬೇಟಿ, ನಿನಗ ಸುಮ್ಮನ ಬೈದೆ."

"ಇರ್ಲಿ ಬಿಡ್ರಿ ಖಾಲಾ" ಎಂದು ಮಲ್ಲಿಕಾ ಅವಳ ಕೈ ಹಿಡಿದು ಮೆಟ್ಟಿಲು ಇಳಿಸಿದಳು.