ಏಣಿ ಒಯ್ದರೂ ಇಳಿಯದ ತಂಗಿ

ಅಂದು ಬೆಳಗ್ಗೆ ಬಿರುಗಾಳಿ ಅಡಗಿ, ಒದ್ದೆ ಬೀದಿಯ ಮೇಲೆ ತೆಳುಬಿಸಿಲು ಬಿದ್ದಿತ್ತು. ಮುರಿದ ಕೊಂಬೆಗಳು ಫೋನ್ ತಂತಿಗಳನ್ನೂ ಎಳೆದುಕೊಂಡು ನೆಲ ಕಚ್ಚಿದ್ದವು. ಮೊಬೈಲ್ ಟವರಿಗೂ ಜೀವವಿರಲಿಲ್ಲ. ಊರಿಗೆ ಊರೇ ಮೂಕವಾಗಿತ್ತು.

ಫೋನ್ ಲೈನ್ ಕೆಲಸದಾಕೆ ಅಣ್ಣನ ಏಣಿ ಕೇಳಿ ತಂದು ಕಂಬ ಹತ್ತಿದಳು. ಮೇಲಿನ ಕಬ್ಬಿಣದ ಮೆಟ್ಟಿನ ಮೇಲೆ ಕಾಲೂರಿ, ಸೊಂಟದ ಪಟ್ಟಿ ಬಿಗಿದುಕೊಂಡಳು. ಮನೆಗಳಿಗೆ ಬಣ್ಣ ಹೊಡೆಯುವ ಅಣ್ಣ ಕೆಳಗಿನಿಂದ ಕೂಗಿದ:

"ಮೊದಲು ನಮ್ಮನೆ ಲೈನ್ ನೋಡೇ! ಅಮ್ಮನಿಗೆ ರಾತ್ರಿಯೆಲ್ಲ ಉಬ್ಬಸ."

"ಮೊದಲು ಕೆಂಪು ಪಟ್ಟಿ ಸುತ್ತಿರೋ ಲೈನು ಅಣ್ಣಾ. ಆಂಬುಲೆನ್ಸ್ ಕೇಂದ್ರದ್ದು, ಪೊಲೀಸ್ ಚೌಕಿದು. ಆಮೇಲೆ ಮನೆಗಳದ್ದು."

"ಹೆತ್ತ ತಾಯಿಗಿಂತ ಪೊಲೀಸಪ್ಪ ಹೆಚ್ಚಾದನಾ ನಿನಗೆ?"

"ನಿನ್ನ ಫೋನ್ ಸರಿಹೋಯ್ತು ಅಂತಿಟ್ಟುಕೋ. ಆ ಕಡೆ ಆಂಬುಲೆನ್ಸ್‌ನವರ ಫೋನೇ ಸತ್ತಿದ್ರೆ ಯಾರಿಗೆ ಹಲೋ ಅಂತೀಯ? ಗೋಡೆಗಾ?"

"ಹಾಗಾದ್ರೆ ನನ್ನ ಏಣಿ ನಾನು ಒಯ್ತೀನಿ!"

"ಒಯ್ಯಿ. ಕೆಲಸ ಮುಗಿಯೋವರೆಗೂ ನನಗಿಳಿಯೋ ಯೋಚನೆಯಿಲ್ಲ."

ಅವನು ಏಣಿ ಹೆಗಲಿಗೇರಿಸಿ ನಡೆದೇಬಿಟ್ಟ. ಅವಳು 'ದೇವರೇ, ಅಮ್ಮನ ಉಸಿರು ನಿನ್ನ ಕೈಲಿ, ಈ ತಂತಿ ನನ್ನ ಕೈಲಿ' ಎಂದುಕೊಂಡು ಇಕ್ಕಳ ಹಿಡಿದಳು. ಚೌಕಿಯ ಲೈನ್ ಜೋಡಿಸಿದಳು. ಆಂಬುಲೆನ್ಸ್ ಕೇಂದ್ರದ್ದನ್ನೂ ಜೋಡಿಸಿ ಪರೀಕ್ಷಿಸಿದಾಗ, ಆ ತುದಿಯಿಂದ "ಹಲೋ" ಬಂತು.

ಅಷ್ಟರಲ್ಲಿ ಅಣ್ಣ ಬರಿಗಾಲಲ್ಲಿ ಓಡಿಬಂದ. "ಅಮ್ಮನಿಗೆ ಉಸಿರೇ ಸಿಗ್ತಿಲ್ಲ ಕಣೇ! ಯಾರ ಮನೇಲೂ ಫೋನಿಲ್ಲ!"

"ಮೂಲೆ ಚೌಕಿಗೆ ಓಡು! ಅಲ್ಲಿಗೂ ಲೈನ್ ಬಂದಿದೆ, ಆಂಬುಲೆನ್ಸ್‌ನವರಿಗೂ ಬಂದಿದೆ!"

ಅವನು ಓಡಿದ. ಸ್ವಲ್ಪ ಹೊತ್ತಿಗೆ ಆಂಬುಲೆನ್ಸ್ ಕಂಬದ ಕೆಳಗೇ ಹಾದುಹೋಯಿತು. ಅಮ್ಮನ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿದ್ದರು. ಅತ್ತಿಗೆ ಜೊತೆಗೆ ಕೂತಿದ್ದಳು. ಮಧ್ಯಾಹ್ನ ಆಸ್ಪತ್ರೆಯಿಂದ ಸುದ್ದಿ ಬಂತು: ಅಮ್ಮ ಗಂಜಿ ಕುಡಿದು, ಉಪ್ಪು ಸಾಲದು ಎಂದು ಬೈದಳಂತೆ.

ಅಕ್ಕಂದಿರೇ, ಅಣ್ಣಂದಿರೇ, ಗಾಳಿಮಳೆಗೆ ಫೋನ್ ಸತ್ತ ದಿನ ಲೈನ್ ಕೆಲಸದವರು ನಿಮ್ಮ ಮನೆ ದಾಟಿ ಹೋದರೆ ಅಡ್ಡಗಟ್ಟಬೇಡಿ. ನಿಮ್ಮ ಕೂಗು ಕೇಳಬೇಕಾದವರ ಕಿವಿ ತೆರೆಯಲು ಅವರು ಹೊರಟಿದ್ದಾರೆ. ಹತ್ತಿರದ ಚೌಕಿ, ಅಗ್ನಿಶಾಮಕ ಠಾಣೆ ಎಲ್ಲಿವೆ ಎಂದು ಮನೆಮಂದಿಗೆಲ್ಲ ಇಂದೇ ತೋರಿಸಿಡಿ.

ಸಂಜೆ ಕೊನೆಯ ಮನೆಯ ಲೈನ್ ಮುಗಿಸಿ ಅವಳು ಕೆಳಗೆ ನೋಡಿದಳು. ಅಣ್ಣ ಏಣಿಯನ್ನು ಮತ್ತೆ ಕಂಬಕ್ಕೆ ಒರಗಿಸಿ, ಅದರ ಬುಡವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ನಿಂತ.