ಹಕ್ಕಲು ಗೋಧಿ

ಬೀಗ ಹಾಕಿದ ಹಾಗೆಯೇ ಇತ್ತು. ಮಾರೆನ್ ಕೊರಳಿನ ದಾರದಲ್ಲಿದ್ದ ಕೀಲಿ ತೆಗೆದು ತಿರುಗಿಸಿ ಬಾಗಿಲು ತಳ್ಳಿದಳು. ಕಣಜದ ಒಳಗಿನಿಂದ ಬೆಳಕು ಬಂದು ಮುಖಕ್ಕೆ ಬಡಿಯಿತು. ಹಿಂದಿನ ಗೋಡೆಯ ಮೂರು ಹಲಗೆಗಳನ್ನು ಕಿತ್ತು ಒಂದರ ಮೇಲೊಂದು ಒರಗಿಸಿಟ್ಟಿದ್ದರು. ಎದೆಮಟ್ಟ ಇದ್ದ ಗೋಧಿಯಲ್ಲಿ ಒಂದು ಹಿಡಿಯೂ ಉಳಿದಿರಲಿಲ್ಲ. ನೆಲವನ್ನು ಯಾರೋ ಪೊರಕೆಯಿಂದ ಗುಡಿಸಿಯೂ ಹೋಗಿದ್ದರು.

ಹುಳ ಬೀಳದಂತೆ ತಿಂಗಳಿಗೊಮ್ಮೆ ಗೋಧಿ ಮಗುಚುವುದು ಊರಿನ ಹೆಂಗಸರ ಸಂಘದ ಕೆಲಸ. ಅದಕ್ಕೆಂದು ಸಲಿಕೆ ಹಿಡಿದು ಬಂದಿದ್ದ ಕೆಟೂರಾ ಬಾಗಿಲಲ್ಲೇ ನಿಂತಳು.

"ಕಳ್ಳರಾ ಅಕ್ಕಾ?"

"ಕಳ್ಳರು ಗುಡಿಸಿ ಹೋಗಲ್ಲ ಕಣೇ," ಎಂದಳು ಮಾರೆನ್. "ನಮ್ಮೋರೇ."

ಎಲಿಮ್ ಊರಿನ, ಮಾರ್ಮನ್ ಎಂಬ ಕ್ರೈಸ್ತ ಪಂಥದ ಹೆಂಗಸರು ಹದಿನಾಲ್ಕು ವರ್ಷ ಕೂಡಿಟ್ಟ ಗೋಧಿ ಅದು. ಗಂಡಸರು ಕೊಯ್ಲು ಮುಗಿಸಿ ಮನೆಗೆ ಹೋದ ಮೇಲೆ, ಇವರು ಸೊಂಟಕ್ಕೆ ಅಗಲವಾದ ಮಡಿಲುಬಟ್ಟೆ ಕಟ್ಟಿಕೊಂಡು, ಬಿಟ್ಟುಹೋದ ತೆನೆಗಳ ಹಕ್ಕಲು ಆಯುತ್ತಿದ್ದರು. ಕಣಜ ಕಟ್ಟಿದ್ದು ಭಾನುವಾರದ ಮೊಟ್ಟೆ ಮಾರಿದ ದುಡ್ಡಿನಿಂದ. ಆ ದಿನ ಕೋಳಿ ಇಟ್ಟ ಮೊಟ್ಟೆಯೆಲ್ಲ ಸಂಘಕ್ಕೆ ಎಂದು ನಿಯಮ ಮಾಡಿದವಳು ಸಂಘದ ಮುಖ್ಯಸ್ಥೆ ಮಾರೆನ್. ಹಕ್ಕಲಿನ ಗಾಡಿಯಿಂದ ಬಿದ್ದು ಅವಳ ಬಲಭುಜ ಮುರಿದದ್ದೂ ಆ ದಿನಗಳಲ್ಲೇ. ಅಂದಿನಿಂದ ಆ ಕೈ ಕಿವಿಯ ಮಟ್ಟ ದಾಟುತ್ತಿರಲಿಲ್ಲ. ತಲೆ ಬಾಚುತ್ತಿದ್ದುದು ಎಡಗೈಯಲ್ಲಿ.

ಬರಗಾಲಕ್ಕೆ ಹೊರತು ಒಂದು ಕಾಳೂ ತೆಗೆಯಬಾರದೆಂದು ಎಲ್ಲರೂ ಮಾತು ಕೊಟ್ಟಿದ್ದರು. ಈ ಚಳಿಗಾಲ ಬೆಟ್ಟದ ಮೇಲೆ ಹಿಮ ಬಿದ್ದದ್ದು ಮೊಣಕಾಲಿಗೂ ಸಾಲದು. ನಡುಬೇಸಿಗೆಯ ಹೊತ್ತಿಗೆ, ಹಿಮ ಕರಗಿ ತುಂಬುವ ಕಾಲುವೆಯಲ್ಲಿ ನೀರಿರುವುದಿಲ್ಲವೆಂದು ಊರಿನ ಮಕ್ಕಳಿಗೂ ಗೊತ್ತಿತ್ತು.

ಊರಿನ ಸಭೆಗೆ ಮುಖ್ಯಸ್ಥನಾದರೂ ಉಳಿದವರಂತೆ ರೈತನೇ ಆಗಿದ್ದ ಬಿಷಪ್ ಟಟಲ್ ತನ್ನ ಅಂಗಳದಲ್ಲಿ ಕುದುರೆಯ ಸರಂಜಾಮು ಹೊಲಿಯುತ್ತ ಕೂತಿದ್ದ. ಕೆಟೂರಾಳ ಜೊತೆ ಬಂದ ಮಾರೆನ್ ಕೂರಲಿಲ್ಲ.

"ಹಲಗೆ ಕಿತ್ತೋರು ಯಾರು ಬಿಷಪ್ಪರೇ?"

"ನಾನೇ ಹೇಳಿ ಕೀಳಿಸ್ದೆ. ಕೀಲಿ ಕೇಳಿ ನಿಮಗ್ಯಾಕೆ ತೊಂದರೆ ಕೊಡೋದು ಅಂತ."

"ನಮ್ಮನೆ ಇರೋದು ನಿಮ್ಮನೆಯಿಂದ ಮೂರನೇದು."

ಅವನು ನಕ್ಕ. "ಗಣಿಯವರು ಗೋಧಿಗೆ ಒಳ್ಳೇ ಬೆಲೆ ಕೊಟ್ರು ಅಕ್ಕಾ. ಆ ದುಡ್ಡಲ್ಲಿ ನಮ್ಮ ಸಭಾಮಂದಿರಕ್ಕೆ ಗಂಟೆ ಬರ್ತಿದೆ! ಹೊಡೆದ್ರೆ ಮೂರು ಮೈಲಿ ಕೇಳುತ್ತಂತೆ."

"ಹೊಟ್ಟೆ ಖಾಲಿ ಇದ್ರೆ ಇನ್ನೂ ದೂರ ಕೇಳುತ್ತೆ. ಅದು ಬರಕ್ಕೆ ಇಟ್ಟಿದ್ದ ಗೋಧಿ."

"ಹೊಲ ಯಾರದ್ದು ಹೇಳಿ? ಕಣಜ ನಿಂತಿರೋ ಜಾಗ ಯಾರದ್ದು?"

"ಹಕ್ಕಲು ಬಡವರದ್ದು, ಹೊಲದೋನು ಮುಟ್ಟಬಾರದು ಅಂತ ಬೈಬಲಲ್ಲಿ ಮೋಶೆ ಬರೆದಿಟ್ಟಿದ್ದಾನೆ. ನೀವೇ ಓದಿ ಹೇಳ್ತೀರಲ್ಲ, ಪ್ರತಿ ಸುಗ್ಗೀಲೂ."

ಬಿಷಪ್ ಸೂಜಿ ಕೆಳಗಿಟ್ಟ. "ನೋಡಿ ಅಕ್ಕಾ, ಭಾನುವಾರ ಸಭೇಲಿ ಇದನ್ನ ಹೆಂಗಸರ ಕಾಣಿಕೆ ಅಂತ ಹೇಳಿ, ನಿಮ್ಮ ಹೆಸರೆತ್ತಿ ಹೊಗಳ್ತೀನಿ. ಒಪ್ಪಿಗೆ ಕೇಳಿದಾಗ ಎಲ್ಲರ ಜೊತೆ ಕೈ ಎತ್ತಿ, ಸಾಕು."

ದಾರಿಯಲ್ಲಿ ಕೆಟೂರಾ ಗೊಣಗಿದಳು: "ಕಾಣಿಕೆಯಂತೆ! ನಾವು ಮೊಟ್ಟೆ ಕೂಡಿಸೋವಾಗ ಇವನ ಕೋಳಿಗಳು ಸೋಮವಾರ ಮಾತ್ರ ಇಡ್ತಿದ್ವು." ಮಾರೆನ್ ನಗಲಿಲ್ಲ. ಕೆಟೂರಾ ದನಿ ತಗ್ಗಿಸಿದಳು. "ಅವನ ಮಾತಿಗೆ ವಿರುದ್ಧ ಮಾತ್ರ ಕೈ ಎತ್ತಬೇಡ ಕಣಕ್ಕಾ. ಈ ಊರಲ್ಲಿ ಯಾರೂ ಎತ್ತಿಲ್ಲ. ಸಂಘದಿಂದ ಇಳಿಸಿಬಿಡ್ತಾನೆ. ನಮ್ಮೆಜಮಾನ್ರು ಸಭೇಲಿ ವೇದಿಕೆ ಮೇಲೆ ಅವನ ಪಕ್ಕ ಕೂರೋರು, ನಾನೇನೂ ಮಾಡೋ ಹಾಗಿಲ್ಲ."

ಆ ರಾತ್ರಿಯಲ್ಲ, ಮರುದಿನ ಬೆಳಗ್ಗೆ ರೊಟ್ಟಿಗೆ ಹಿಟ್ಟು ನಾದುವಾಗ ಮಾರೆನ್‌ಗೆ ಅಮ್ಮನ ನೆನಪಾಯಿತು. ತಳ್ಳುಗಾಡಿಯ ಹಿಂದೆ ನಡೆದು ಬಯಲು ದಾಟಿ ಈ ಕಡೆ ವಲಸೆ ಬಂದ ವರ್ಷ, ಅಮ್ಮ ಎತ್ತಿನ ತೊಗಲು ಬೇಯಿಸಿ, ಇದು ಸಾರು ಎಂದು ಮಕ್ಕಳಿಗೆ ಕುಡಿಸಿದ್ದಳು. ತಮ್ಮ ಅದನ್ನು ನಂಬಿ, ಇನ್ನಷ್ಟು ಕೇಳಿದ್ದ. ಬೆಟ್ಟ ಹತ್ತುವ ಮೊದಲೇ ಅವನನ್ನು ಹೂತು ಬಂದಿದ್ದರು.

ಭಾನುವಾರ ಮಂದಿರ ತುಂಬಿತ್ತು. ಇಪ್ಪತ್ತು ವರ್ಷ ಸಂಘ ನಡೆಸಿದವಳು ಮಾರೆನ್. ಅಲ್ಲಿ ಕೂತವರಲ್ಲಿ ಅರ್ಧ ಜನ ಭೂಮಿಗೆ ಬಿದ್ದದ್ದು ಅವಳ ಕೈಗೇ. ಬಿಷಪ್ಪನ ನಾಲ್ವರು ಗಂಡುಮಕ್ಕಳೂ. ಅವನ ತಾಯಿ ಸತ್ತಾಗ ಮೈ ತೊಳೆದು ಬಿಳಿ ಉಡುಗೆ ಹೊಲಿದು ಉಡಿಸಿದ್ದೂ ಅದೇ ಕೈ.

ಬಿಷಪ್ ಎದ್ದು ನಿಂತು ಬಹಳ ಹೊತ್ತು ಹೊಗಳಿದ. ಸೋದರಿಯರ ತ್ಯಾಗ ಎಂದ. ಮುಂದಿನ ಬೆಂಚಿನ ಹೆಂಗಸರು ತಮ್ಮ ಮೊಣಕಾಲು ನೋಡುತ್ತ ಕೂತಿದ್ದರು.

"ಈ ಕಾಣಿಕೆಗೆ ಒಪ್ಪಿಗೆ ಇರೋರು ಬಲಗೈ ಎತ್ತಿ."

ಕೈಗಳು ಎದ್ದವು. ಮಾರೆನ್ ಪಕ್ಕದಲ್ಲಿದ್ದ ಕೆಟೂರಾಳ ಕೈ ಅರ್ಧ ಎದ್ದು ಬೇಗ ಇಳಿಯಿತು.

"ಒಪ್ಪದೇ ಇರೋರು ಹಾಗೇ ಕೈ ಎತ್ತಿ ತೋರಿಸಿ," ಎಂದ ಬಿಷಪ್, ವಾಡಿಕೆಯಂತೆ. ಆಗಲೇ ಕೀರ್ತನೆಯ ಪುಸ್ತಕ ತಿರುವುತ್ತಿದ್ದ.

ಮಾರೆನ್ ಬಲಗೈ ಎತ್ತಿದಳು. ಕಿವಿಯ ಮಟ್ಟದಲ್ಲಿ ಅದು ತಡೆಯಿತು. ಅವಳು ಹಲ್ಲು ಕಚ್ಚಿದಳು. ಭುಜದೊಳಗೆ ಏನೋ ಲಟಕ್ಕೆಂದದ್ದು ಪಕ್ಕದವರಿಗೂ ಕೇಳಿಸಿತು. ಕೈ ತಲೆಯ ಮೇಲೆ ಹೋಗಿ ನಿಂತಿತು.

ಪುಸ್ತಕ ತಿರುವುವುದು ನಿಂತಿತು.

"ನೋಡ್ದೆ ಅಕ್ಕಾ. ಕೈ ಇಳಿಸಿ," ಎಂದ ಬಿಷಪ್ ಮೆಲ್ಲಗೆ.

"ನೀವು ನೋಡಿದ್ರೆ ಸಾಲದು. ಅವ್ನು ಕಡತದಲ್ಲಿ ಬರೀಲಿ."

ಎಲ್ಲರೂ ಸಭೆಯ ನಡಾವಳಿ ಬರೆದಿಡುವ ಬರಹಗಾರನ ಕಡೆ ನೋಡಿದರು. ಅವನು ಬಿಷಪ್ಪನ ಕಡೆ ನೋಡಿದ. ಬಿಷಪ್ ವಾದ್ಯದವಳಿಗೆ ಸನ್ನೆ ಮಾಡಿದ, ಹಾಡು ಶುರುವಾಯಿತು. ಜನ ಹಾಡಿದರು, ಮೊದಲು ಚದುರಿದ ಹಾಗೆ, ಆಮೇಲೆ ಗಟ್ಟಿಯಾಗಿ. ಮಾರೆನ್ ಹಾಡಲಿಲ್ಲ, ಕೈಯನ್ನೂ ಇಳಿಸಲಿಲ್ಲ. ಎರಡನೇ ಚರಣದ ಹೊತ್ತಿಗೆ ತೋಳು ನಡುಗತೊಡಗಿ ಬೆರಳುಗಳು ಮಡಚಿಕೊಂಡವು. ಇನ್ನೇನು ಬೀಳುತ್ತದೆ ಎನ್ನುವಾಗ ಮೊಣಕೈ ಕೆಳಗೆ ಬಿಸಿಯಾದೊಂದು ಅಂಗೈ ಬಂದು ಆತುಕೊಂಡಿತು.

ಕೆಟೂರಾ ವೇದಿಕೆಯ ಮೇಲಿದ್ದ ಗಂಡನ ಕಡೆ ನೋಡದೆ, ಪುಸ್ತಕದ ಮೇಲೆಯೇ ಕಣ್ಣಿಟ್ಟು ಹಾಡುತ್ತಿದ್ದಳು. ಹಾಡಿಗೆ ಇನ್ನೂ ನಾಲ್ಕು ಚರಣಗಳಿದ್ದವು. ಬರಹಗಾರ ಲೇಖನಿಯನ್ನು ಶಾಯಿಯಲ್ಲಿ ಅದ್ದಿ, ಎತ್ತಿ ಹಿಡಿದುಕೊಂಡೇ ಕೂತಿದ್ದ.