ಕುದುರೆಮರಿಗಳ ಹಿಂದಿನ ಸೀಸೆ

ಸೀಸೆಯಮ್ಮ ಕರುವಿನ ಭ್ರೂಣದ ಸೀಸೆಗೆ ಸ್ಪಿರಿಟ್ ತುಂಬುತ್ತಿದ್ದಳು. ಲಾಳಿಕೆಯಿಟ್ಟು ನೂಲಿನಂಥ ಧಾರೆಯಲ್ಲಿ ಬಿಡಬೇಕು. ಕೈ ಆತುರಪಟ್ಟರೆ ಒಳಗಿನದು ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಕೂಸಿನ ಹಾಗೆ ಮೆಲ್ಲಗೆ ತಿರುಗಿ ಇತ್ತ ನೋಡುತ್ತದೆ. ಪಶುವೈದ್ಯ ಕಾಲೇಜಿನ ಈ ಕೋಣೆಯಲ್ಲಿ ಮೂವತ್ನಾಲ್ಕು ವರ್ಷದಿಂದ ಅವಳದು ಇದೇ ಕೆಲಸ: ಸೀಸೆ ಒರೆಸುವುದು, ಇಂಗಿದಷ್ಟು ತುಂಬುವುದು, ಮುಚ್ಚಳಕ್ಕೆ ಮೇಣ ಮೆತ್ತುವುದು. ಹೆಸರು ವಿದ್ಯಾರ್ಥಿಗಳು ಇಟ್ಟದ್ದು. ನಿಜವಾದದ್ದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ಕೆಲಸದ ಅಂಗಿಯ ಜೇಬಿನಲ್ಲಿ, ಲಕೋಟೆ ಅಂಟಿಸಿ, ವಿಳಾಸ ಬರೆದು, ಅಂಚೆಚೀಟಿ ಹಚ್ಚಿದ ಪತ್ರವೊಂದು ಐದು ವಾರದಿಂದ ಮುದುಡುತ್ತಿತ್ತು. ದೂರದ ಊರಿನ ಮಗಳಿಗೆ ಬರೆದ ಉತ್ತರ ಅದು. ಮಗಳು ಹೆತ್ತಿದ್ದಳು. ಕೂಸಿನ ಎಡಗಾಲಿಗೆ ಆರು ಬೆರಳು. ವಂಶದಲ್ಲಿ ಯಾರಿಗಾದರೂ ಇತ್ತೇ ಎಂದು ವೈದ್ಯರು ಕೇಳಿದ್ದಾರೆ, ಇದ್ದರೆ ಹೆಚ್ಚು ಚಿಂತೆಯಿಲ್ಲ, ಇಲ್ಲದಿದ್ದರೆ ಎದೆ, ಮೂತ್ರಪಿಂಡ ಎಲ್ಲ ಪರೀಕ್ಷೆ ಮಾಡಬೇಕಂತೆ, ನನಗೆ ಕಣ್ಣು ಮುಚ್ಚಿದರೆ ನಿದ್ದೆ ಬರದು, ಬೇಗ ಬರಿ ಅಮ್ಮ, ಎಂದಿದ್ದಳು. ಸೀಸೆಯಮ್ಮ ಅಂದೇ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಬರೆದ ಕೈಗೆ ಅಂಚೆಪೆಟ್ಟಿಗೆಯವರೆಗೆ ಹೋಗುವ ಧೈರ್ಯ ಬರಲಿಲ್ಲ.

ಇದ್ದದ್ದು ಇಷ್ಟು. ಮಗಳು ಹುಟ್ಟಿದ ಮೂರನೇ ದಿನ, ಎಡಗಾಲ ಕಿರುಬೆರಳಿನ ಪಕ್ಕ ಜೋತಾಡುತ್ತಿದ್ದ ಕಡಲೆಕಾಳಿನಷ್ಟು ಬೆರಳಿಗೆ, ನಾಳೆ ನಾಲ್ಕು ಜನ ನಕ್ಕಾರು ಎಂದು, ಅವಳೇ ದಾರ ಬಿಗಿದಿದ್ದಳು. ಕೂಸು ಅತ್ತು ಅತ್ತು ಗಂಟಲು ಕಟ್ಟಿತು. ಆರನೇ ದಿನಕ್ಕೆ ಬೆರಳು ಕಪ್ಪಾಗಿ ಕಳಚಿತು. ಗಂಡನಿಗೆ ಹೂತೆ ಅಂದಳು. ಹೂಳಲಿಲ್ಲ. ಯಾವುದೂ ಕೊಳೆಯದಂತೆ ಕಾಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳಿಗೆ ಮಣ್ಣಿಗೆ ಹಾಕಲು ಕೈ ಬರಲಿಲ್ಲ. ಔಷಧಿ ಸೀಸೆಯೊಂದಕ್ಕೆ ಸ್ಪಿರಿಟ್ ಹಾಕಿ, ಈ ಕೋಣೆಗೆ ತಂದು, ಕುದುರೆಮರಿಗಳ ಸೀಸೆಸಾಲಿನ ಹಿಂದೆ ಇಟ್ಟಳು. ಗಾಯದ ಗುರುತು ಏನೆಂದು ಮಗಳು ಕೇಳಿದಾಗ ಇಲಿ ಕಚ್ಚಿದ್ದು ಎಂದಳು. ಪಾಪದ ಹುಡುಗಿ ಬಾಲ್ಯವಿಡೀ ಇಲಿಗೆ ಹೆದರಿತು.

ಹೆದರಿಕೆ ತಾಯಿಯನ್ನೂ ಬಿಡಲಿಲ್ಲ. ಮಗಳು ಒದ್ದೆ ಕಾಲಲ್ಲಿ ಓಡಿದರೆ ನೆಲದ ಹೆಜ್ಜೆಗಳಲ್ಲಿ ಬೆರಳು ಎಣಿಸುವಳು. ಐದೇ ಇರುತ್ತಿದ್ದವು, ಪಕ್ಕದಲ್ಲಿ ಒಂದು ಹನಿ ಬೇರೆ. ಆ ಪುಟ್ಟ ಸೀಸೆಯಲ್ಲಿ ಮಾತ್ರ ಸ್ಪಿರಿಟ್ ಬೇಗ ಇಂಗುತ್ತಿತ್ತು. ಹೇಗೇ ತಿರುಗಿಸಿಟ್ಟರೂ ಮರುವಾರ ನೋಡಿದಾಗ ನುಚ್ಚಿನಷ್ಟು ಉಗುರು ಇವಳ ಕಡೆಗೇ ಇರುತ್ತಿತ್ತು.

ಇವತ್ತು ಅಂಗರಚನೆ ಕಲಿಸುವ ಮೇಡಂ ಪಟ್ಟಿ ಹಿಡಿದು ಬಂದಿದ್ದರು. ಕೋಣೆಯ ಕಟ್ಟಳೆ ಹಳೆಯದು: ಪ್ರಾಣಿ, ವಯಸ್ಸು, ಕೊಟ್ಟವರು ಇಷ್ಟೂ ಬರೆದ ಚೀಟಿ ಇಲ್ಲದ ಸೀಸೆ ಕಸಕ್ಕೆ. ಕುದುರೆಮರಿಗಳ ಹಿಂದೆ ಕೈಹಾಕಿದ ಮೇಡಂ ಪುಟ್ಟ ಸೀಸೆಯನ್ನು ಬೆಳಕಿಗೆ ಹಿಡಿದರು.

"ಇದು ಯಾವ ಪ್ರಾಣೀದು ಸೀಸೆಯಮ್ಮ?"

"ಕೋತೀದಿರ್ಬೇಕು."

"ಕೋತಿ ಉಗುರು ಹೀಗಿರಲ್ಲ."

ಲಾಳಿಕೆಯ ತುದಿಯಿಂದ ಹನಿ ಬೀಳುತ್ತಲೇ ಇತ್ತು. "ನನ್ನ ಮಗಳದ್ದು" ಅಂದಳು ಸೀಸೆಯಮ್ಮ.

ಮೇಡಂ ಬೆಚ್ಚಿ ಕೆಳಗಿಡಲಿಲ್ಲ. ಸ್ಟೂಲು ಎಳೆದು ಕೂತು, ಎಲ್ಲ ಕೇಳಿದರು. ಆಮೇಲೆ ಸೀಸೆಗಳತ್ತ ಕೈ ತೋರುತ್ತ ಹೇಳಿದರು: ಕುದುರೆ, ಬಾವಲಿ, ತಿಮಿಂಗಿಲ, ಮನುಷ್ಯ, ಯಾರದ್ದೇ ಆಗಲಿ, ಕಾಲು ಮೊದಲು ಹುಟ್ಟುವುದು ದೋಣಿಯ ಪುಟ್ಟ ಹುಟ್ಟುಗೋಲಿನ ಹಾಗೆ. ನಮ್ಮಲ್ಲಿ ನಡುವಿನ ಮಾಂಸ ಸಾಯುತ್ತ ಹೋದಂತೆ ಬೆರಳು ಬಿಡಿಯಾಗುತ್ತವೆ. ಕುದುರೆಗೂ ಬೇರೆ ಬೆರಳುಗಳು ಶುರುವಾಗುತ್ತವೆ, ನಡುವಿನದೊಂದು ಬೆಳೆದು ಉಳಿದವು ನಿಂತುಹೋಗುತ್ತವೆ. ಕಾಲಮೂಳೆಯ ಪಕ್ಕಗಳಲ್ಲಿ ಕಡ್ಡಿಯಂಥ ಎರಡು ಮೂಳೆ ಸಾಕ್ಷಿಗೆ ಉಳಿದಿರುತ್ತವೆ. ಕೆಲವು ಮನೆಗಳಲ್ಲಿ ಬೆರಳು ಒಂದು ಹೆಚ್ಚಾಗಿ, ಅದೇ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ. ಯಾರ ತಪ್ಪೂ ಅಲ್ಲ.

"ನಿಮ್ಮ ಕಡೆ ಯಾರಿಗಿತ್ತು?"

"ಯಾರಿಗೂ ಇಲ್ಲ ಮೇಡಂ. ಆಣೆ ಮಾಡ್ತೀನಿ."

ಮೇಡಂ ಅವಳ ಚಪ್ಪಲಿ ನೋಡುತ್ತಿದ್ದರು. ಎಡಗಾಲಿನದ್ದರ ಅಂಚು ಕತ್ತರಿಸಿದ್ದು ಕಾಣುತ್ತಿತ್ತು. ಕಿರುಬೆರಳಿನ ಪಕ್ಕದ ಗಂಟು ಉಜ್ಜದಿರಲೆಂದು ಅವಳೇ ಕತ್ತರಿಸಿಕೊಂಡದ್ದು.

"ಇದೇನು?"

"ಆಣಿ."

"ಯಾವಾಗಿಂದ ಇದೆ?"

"ತೊಟ್ಟಿಲಲ್ಲಿದ್ದಾಗಿಂದ್ಲೂ ಇತ್ತು ಅಂತ ಅಮ್ಮ ಹೇಳ್ತಿದ್ಲು..."

ಸೀಸೆಯಮ್ಮ ಬಗ್ಗಿ ತನ್ನ ಕಾಲು ನೋಡಿಕೊಂಡಳು. ನೆಲವನ್ನೇ ಮುಟ್ಟದ ಕಾಲಿಗೆ ಆಣಿ ಎಲ್ಲಿಂದ ಬರಬೇಕು? ಸತ್ತು ಎಷ್ಟೋ ವರ್ಷವಾದ ಅಮ್ಮ ಕಣ್ಣಿಗೆ ಕಟ್ಟಿದಳು: ಇವಳ ಕಾಲಿಗೆ ಎಣ್ಣೆ ಹಚ್ಚುವಾಗ ಎಡಗಾಲ ಅಂಚಿನಲ್ಲಿ ಅಮ್ಮನ ಹೆಬ್ಬೆರಳು ಸುಮ್ಮನೆ ನಿಂತುಬಿಡುತ್ತಿತ್ತು. ಏನಮ್ಮ ಅಂದರೆ, ಏನಿಲ್ಲ ಅನ್ನುತ್ತಿದ್ದಳು. ಆ ಏನಿಲ್ಲವನ್ನೇ ಇವಳು ಇಲಿ ಮಾಡಿದ್ದಳು. ಇನ್ನು ಮಗಳು ಯಾವುದನ್ನು ಏನು ಮಾಡುವಳೋ.

ಮೇಡಂ ಖಾಲಿ ಚೀಟಿಯೊಂದನ್ನು ಅವಳ ಮುಂದೆ ಸರಿಸಿದರು. ಸೀಸೆಯಮ್ಮ ಬರೆದಳು. ಪ್ರಾಣಿ: ಮನುಷ್ಯ. ವಯಸ್ಸು: ಆರು ದಿನ. ಕೊಟ್ಟವರು: ತಾಯಿ. ಅದೇ ಪೆನ್ನಿನಲ್ಲಿ ಜೇಬಿನ ಲಕೋಟೆಯ ಬೆನ್ನಿಗೂ ಬರೆದಳು: "ನನಗೂ ಇತ್ತು ಮಗಾ. ನನ್ನಮ್ಮನೂ ಕಟ್ಟಿದ್ದಳು. ನೀನು ದಾರ ಮುಟ್ಟಬೇಡ. ಈ ಪತ್ರ ಡಾಕ್ಟರಿಗೆ ತೋರಿಸು."

ಅಂಚೆಪೆಟ್ಟಿಗೆ ಕಾಲೇಜಿನ ಗೇಟಿನ ಹೊರಗೇ ಇತ್ತು. ಆಗಷ್ಟೇ ತೊಳೆದ ವರಾಂಡ ದಾಟುವಾಗ ಹಿಂದಿನಿಂದ ಯಾರೋ ಪುಟ್ಟ ಕಾಲಲ್ಲಿ ಬಂದಂತಾಯಿತು. ಸೀಸೆಯಮ್ಮ ತಿರುಗಲಿಲ್ಲ, ಹೆಜ್ಜೆ ಎಣಿಸಲಿಲ್ಲ. ಲಕೋಟೆಯನ್ನು ಪೆಟ್ಟಿಗೆಯ ಬಾಯಿಗೆ ಅರ್ಧ ಇಟ್ಟಳು. ಕಾಲಿನ ಗಂಟು ಮಿಡಿಯಿತು. ಬೆರಳು ಸಡಿಲಿಸಿದಳು. ಪತ್ರ ತಳ ಮುಟ್ಟಿದ ಸದ್ದು ಕೇಳುವವರೆಗೆ ಅಲ್ಲೇ ನಿಂತಿದ್ದಳು.